ಪದಚರ್ಚೆ: ‘ಹೈಯರ್ ಗೇರ್’ ಮತ್ತು ‘ಹೈಯರ್ ರೇಶಿಯೊ’

ಪ್ರಶ್ನೆ: ಹಳೆಯ ಕಾರಿಗೆ ಬೇರೆ ಎಂಜಿನ್ ಕೂರಿಸುವ ಬಗ್ಗೆ ಅಮೆರಿಕದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫೋರ್ಡ್ 302 ವಿ8 ಎಂಜಿನ್ನಿಗೆ ಮ್ಯಾನ್ಯುವಲ್ ಗೇರ್‌ಬಾಕ್ಸ್ ಆರಿಸುವ ಭಾಗದಲ್ಲಿ ‘ಹೈಯರ್ ಗೇರ್’, ‘ಹೈಯರ್ ರೇಶಿಯೊ’ ಎಂಬ ಮಾತುಗಳು ಪದೇ ಪದೇ ಬರುತ್ತವೆ. ಎರಡಕ್ಕೂ ‘ಹೆಚ್ಚಿನ ಗೇರ್’ ಎಂದರೆ ನಡೆದೀತೇ? ‘ಸ್ಪ್ಲೈನ್’ ಮತ್ತು ‘ರನ್‌ಔಟ್’ಗೆ ಏನು ಬಳಸಲಿ?

ಉತ್ತರ: ನಡೆಯದು ಸರ್. ಅವೆರಡೂ ಒಂದಕ್ಕೊಂದು ತಿರುಗುಮುರುಗು. ಮೊದಲ ಗೇರ್ 3.35 ಎಂದರೆ ಎಂಜಿನ್ 3.35 ಸುತ್ತು ತಿರುಗಿದಾಗ ಹಿಂದಿನ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲರ್ ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಈ ಸಂಖ್ಯೆಯೇ ‘ರೇಶಿಯೊ’. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ. ‘ಹೈಯರ್ ಗೇರ್’ ಎಂದಾಗ ಅರ್ಥ ಇದಕ್ಕೆ ಉಲ್ಟಾ: ಸಂಖ್ಯೆ ಚಿಕ್ಕದು, ಓಟ ಹೆಚ್ಚು. ಇಲ್ಲಿ ‘ಹೆಚ್ಚಿನ’ ಎಂಬ ಪದವನ್ನೇ ಕೈಬಿಡಿ. ‘ಎಳೆತದ ಗೇರ್’, ‘ಓಟದ ಗೇರ್’ ಎನ್ನಿ, ಪಕ್ಕದಲ್ಲೇ ಸಂಖ್ಯೆ ಕೊಡಿ. ಓದುವವನು ಇದನ್ನು ನಂಬಿ ದುಡ್ಡು ಸುರಿಯುತ್ತಾನೆ.

ಲೆಕ್ಕ ನೋಡಿ. ಟಿ5 ಎಂಬುದು ಐದು ಗೇರಿನ ಮ್ಯಾನ್ಯುವಲ್ ಗೇರ್‌ಬಾಕ್ಸ್. ಟಿ5 ಗೇರ್‌ಬಾಕ್ಸ್‌ನಲ್ಲಿ ಫೋರ್ಡ್ ಮಸ್ಟಾಂಗ್ 5.0ಕ್ಕೆ (302 ಎಂದರೂ 5.0 ಲೀಟರ್ ಎಂದರೂ ಇದೇ ಎಂಜಿನ್) ಬಂದದ್ದರ ಮೊದಲ ಗೇರ್ 3.35, ಐದನೆಯದು 0.68. ಅದೇ ಟಿ5ರ ‘ಝಡ್’ ಮಾದರಿಯಲ್ಲಿ 2.95 ಮತ್ತು 0.63. ಹಿಂದಿನ ಆಕ್ಸಲಿನ ರೇಶಿಯೊ 3.73, ಟೈರಿನ ಸುತ್ತಳತೆ 2.07 ಮೀಟರ್ ಎಂದಿಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಲುಪುವಾಗ ಮೊದಲ ಗೇರಿನಲ್ಲಿ 3.35ರದು ಗಂಟೆಗೆ ಸುಮಾರು 50 ಕಿ.ಮೀ. ವೇಗ ಮುಟ್ಟಿದರೆ, 2.95ರದು 56 ಮುಟ್ಟುತ್ತದೆ. ಗಂಟೆಗೆ 100 ಕಿ.ಮೀ. ಓಟದಲ್ಲಿ ಐದನೇ ಗೇರಿಗೆ ಎಂಜಿನ್ ನಿಮಿಷಕ್ಕೆ 2040 ಮತ್ತು 1890 ಸುತ್ತು. ಆಕ್ಸಲ್ 4.10 ಇರುವ ಗಾಡಿಗೆ 3.35 ಹಾಕಿದರೆ ಮೊದಲ ಗೇರ್ ಹೊರಟ ಕೂಡಲೇ ಮುಗಿದುಹೋಗುತ್ತದೆ. ಅಲ್ಲಿ 2.95 ಸರಿ.

‘ಟಾರ್ಕ್ ಕೆಪಾಸಿಟಿ’ಗೆ ‘ತಾಳುವ ಟಾರ್ಕ್’ ಸಾಕು (ಟಾರ್ಕ್ ಎಂದರೆ ತಿರುಗಿಸುವ ಬಲ). ‘ಸಾಮರ್ಥ್ಯ’ ಎಂದರೆ ಗೇರ್‌ಬಾಕ್ಸೇ ಬಲ ಕೊಡುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. 1990ರ ಬಳಿಕದ ಮಸ್ಟಾಂಗ್ ಟಿ5 ತಾಳುವುದು ಸುಮಾರು 407 ನ್ಯೂಟನ್ ಮೀಟರ್, ಝಡ್ 447, ಟ್ರೆಮೆಕ್ ಕಂಪನಿಯ ಟಿಕೆಎಕ್ಸ್ ಗೇರ್‌ಬಾಕ್ಸ್ 813. ಕಂಪನಿಯಿಂದ ಬಂದ 5.0 ಎಂಜಿನ್ನೇ 407ರ ಹತ್ತಿರ ಕೊಡುತ್ತಿತ್ತು. ಆದ್ದರಿಂದ ಎಂಜಿನ್ ಬಲಪಡಿಸಿದವರಿಗೆ ಹಳೆಯ ಟಿ5 ಸಲ್ಲದು. ಸಾಮಾನ್ಯವಾಗಿ ಹಲ್ಲು ಮುರಿಯುವುದು ಮೂರನೇ ಗೇರಿನದು. ನಾಲ್ಕು ಸಿಲಿಂಡರ್ ಕಾರಿನಿಂದ ಬಿಚ್ಚಿದ ಟಿ5 ಹೊರಗಿನಿಂದ ಹಾಗೇ ಕಂಡರೂ ಒಳಗಿನ ಗೇರ್ ಬೇರೆ, ತಾಳಿಕೆ ಇನ್ನೂ ಕಡಿಮೆ. ಕೊಳ್ಳುವ ಮೊದಲು ಟೇಲ್ ಹೌಸಿಂಗ್ (ಗೇರ್‌ಬಾಕ್ಸಿನ ಹಿಂಭಾಗದ ಕವಚ) ಬೋಲ್ಟಿಗೆ ಸಿಕ್ಕಿಸಿರುವ ಚಿಕ್ಕ ಲೋಹದ ಬಿಲ್ಲೆಯ ನಂಬರ್ ಓದಬೇಕು.

‘ಸ್ಪ್ಲೈನ್’, ಅಂದರೆ ಕ್ಲಚ್ ಪ್ಲೇಟ್ ಕೂರುವ ಶಾಫ್ಟಿನ ಮೇಲಿನ ಉದ್ದುದ್ದ ಏಣು, ಹಾಗೇ ಇರಲಿ. ‘ಹಲ್ಲು’ ಎಂದರೆ ಗೇರಿನ ಹಲ್ಲಿನೊಂದಿಗೆ ಗೊಂದಲವಾಗುತ್ತದೆ. ಆದರೆ ಎಣಿಕೆ, ವ್ಯಾಸ ಎರಡನ್ನೂ ಬರೆಯಿರಿ: ಫೋರ್ಡ್ ಟಿ5ಗೆ 10 ಸ್ಪ್ಲೈನ್, ವ್ಯಾಸ ಒಂದು ಇಂಚು ಮತ್ತು ಹದಿನಾರನೇ ಒಂದು, ಟಿಕೆಎಕ್ಸ್‌ಗೆ 26 ಸ್ಪ್ಲೈನ್, ಒಂದು ಇಂಚು ಮತ್ತು ಎಂಟನೇ ಒಂದು. ಕ್ಲಚ್ ಪ್ಲೇಟಿನ ನಡುವಿನ ತೂತು ಗೇರ್‌ಬಾಕ್ಸಿಗೆ ಹೊಂದಬೇಕು, ಹೊರ ಅಳತೆ ಫ್ಲೈವೀಲಿಗೆ. ಫ್ಲೈವೀಲ್ ಮಾತ್ರ ಎಂಜಿನ್ನಿನ ಪಾಲು: 1980ರವರೆಗಿನ 302ಕ್ಕೆ 28 ಔನ್ಸ್ ಬ್ಯಾಲೆನ್ಸ್ (ತೂಕ ಸರಿದೂಗಿಸುವ ಅಳತೆ), 1982ರಿಂದೀಚೆಗೆ 50. ಅದಲುಬದಲಾದರೆ ಇಡೀ ಎಂಜಿನ್ ನಡುಗುತ್ತದೆ.

‘ರನ್‌ಔಟ್’ಗೆ ‘ಔಟ್’ ಎಂದರೆ ಸೈಕಲ್ ರಿಪೇರಿಯವನಿಗೂ ತಿಳಿಯುತ್ತದೆ, ಚಕ್ರ ಔಟ್ ಆದಂತೆಯೇ, ಅಂದರೆ ನಡು ತಪ್ಪಿರುವುದು. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಕವಚವಾದ ಬೆಲ್ ಹೌಸಿಂಗ್ ತೂತಿನ ಔಟ್ ಡಯಲ್ ಗೇಜಿನಲ್ಲಿ 0.13 ಮಿ.ಮೀ. ಮೀರಬಾರದು. ಮೀರಿದರೆ ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಬೇಗ ಸವೆಯುತ್ತದೆ, ಗೇರ್ ಬೀಳಲು ಸತಾಯಿಸುತ್ತದೆ. ಜೋಡಣೆಗೆ ಮುಂಚೆ ಆಫ್‌ಸೆಟ್ ಡೋವೆಲ್ ಪಿನ್ (ನಡು ಸರಿಸಿದ ಜೋಡಣೆ ಪಿನ್) ಹಾಕಿ ಸರಿಪಡಿಸುವುದು ಕ್ರಮ.

ಆಯಿಲ್ ವಿಷಯದಲ್ಲಿ ‘ಗೇರ್ ಎಣ್ಣೆ’ ಎಂದು ಮಾತ್ರ ಬರೆಯಬೇಡಿ. ‘ವರ್ಲ್ಡ್ ಕ್ಲಾಸ್’ ಎಂಬ ಮಾದರಿಯ ಟಿ5ಗೆ ಹಾಕುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಣ್ಣೆ, ಡೆಕ್ಸ್ರಾನ್. ದಪ್ಪನೆಯ 90 ನಂಬರ್ ಸುರಿದರೆ ಗಾಡಿ ತಣ್ಣಗಿರುವಾಗ ಗೇರ್ ಕರಕರ ಎನ್ನುತ್ತದೆ.