ಅಪ್ಪನ ವಾಕಿಂಗ್, ಬಿಪಿ ಮಾತ್ರೆ – ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಮುಂಬೈ ಮಾಟುಂಗಾದವರು. ಅಪ್ಪನಿಗೆ 71 ವರ್ಷ, ಬಿಪಿಗೆ ಮಾತ್ರೆ ನಡೀತಿದೆ. ಮೂರು ತಿಂಗಳಿಂದ ಫೈವ್ ಗಾರ್ಡನ್ಸ್‌ನಲ್ಲಿ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ನಡೀತಾರೆ. ಡಾಕ್ಟರ್ ಹೇಳಿದ 150 ನಿಮಿಷ ಸರಿಹೋಯ್ತು. 148 ಇದ್ದ ಬಿಪಿಯ ಮೇಲಿನ ಅಂಕಿ ಈಗ 140ರ ಆಸುಪಾಸು. ಇಷ್ಟಕ್ಕೇ "ಇನ್ನು ಮಾತ್ರೆ ಯಾಕೋ?" ಅಂತ ಶುರು!

ಅವರು ಬಿಪಿ ನೋಡೋದೂ ವಾಕಿಂಗ್ ಮುಗಿಸಿ ಬಂದು, ಬೆವರು ಒರೆಸಿಕೊಂಡು, ಕಾಫಿಗೆ ಮುಂಚೆ. ವ್ಯಾಯಾಮದ ನಂತರ ಕೆಲವು ಗಂಟೆ ಬಿಪಿ ಇಳಿದೇ ಇರುತ್ತೆ ಅಂದ್ರೆ ಕೇಳಲ್ಲ. (ಮಾತ್ರೆ ವಿಷಯ ಡಾಕ್ಟರ್ ಹತ್ರಾನೇ ಮಾತಾಡ್ತೀವಿ, ಅದರ ಸಲಹೆ ಬೇಡ.)

ಮಳೆಗಾಲದಲ್ಲಿ ನಿಮ್ಮನೆ ಹಿರಿಯರು ಎಲ್ಲಿ ನಡೀತಾರೆ? ಮೆಟ್ಟಿಲು ಹತ್ತಿಸೋಣ ಅಂದ್ರೆ ಮಂಡಿನೋವು. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ವೇಗದಲ್ಲಿ ನಡೆಯೋ ಕನ್ನಡದ ಜೊತೆಗಾರರು ಹತ್ತಿರದಲ್ಲಿ ಇದ್ದೀರಾ?