ಹುಳಿ, ಕಾಳು, ಅನ್ನ ಫ್ರೀಜರ್‌ನಲ್ಲಿಡಲು ಎಂಥ ಡಬ್ಬ ತಗೊಳ್ಳಬೇಕು?

ಹುರುಳಿಕಾಳು:
ಭಾನುವಾರ ಒಟ್ಟಿಗೆ ಮಾಡಿ ಹತ್ತು ದಿನಕ್ಕಾಗುವಷ್ಟು ಫ್ರೀಜರ್‌ನಲ್ಲಿಡುವ ಲೆಕ್ಕ. ಉಣ್ಣುವವರು ಇಬ್ಬರು. ತೊಗರಿಬೇಳೆ ಹುಳಿ, ಅಲಸಂದೆ ಸಾರು, ರಾಜ್ಮಾ, ಅನ್ನ, ಒಮ್ಮೊಮ್ಮೆ ಬಿಸಿಬೇಳೆಬಾತ್. ಫ್ರಿಜ್ ಎರಡು ಬಾಗಿಲಿನದು, ಫ್ರಾಸ್ಟ್ ಫ್ರೀ, ಫ್ರೀಜರ್ ಭಾಗ ಸುಮಾರು 60 ಲೀಟರ್. ಮೈಕ್ರೋವೇವ್ ಇದೆ.

ಈಗ ಇರುವುದು ಹೋಟೆಲ್ ಪಾರ್ಸೆಲ್‌ನ ತೆಳು ಪ್ಲಾಸ್ಟಿಕ್ ಡಬ್ಬಗಳು, ಐಸ್‌ಕ್ರೀಮ್ ಡಬ್ಬಗಳು, ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗಳು. ಪಾರ್ಸೆಲ್ ಡಬ್ಬಗಳ ಮೂಲೆ ಸೀಳುತ್ತಿದೆ. ಒಂದು ಗಾಜಿನ ಬಾಟಲಿ ಕತ್ತಿನ ಹತ್ತಿರ ಬಿರುಕು ಬಿಟ್ಟಿತು. ಅನ್ನದ ಮೇಲೆ ಅಲ್ಲಲ್ಲಿ ಒಣಗಿದ ಬಿಳಿ ಕಲೆ. ಹೊಸದು ಕೊಳ್ಳುವುದಾದರೆ ಗಾಜೋ, ಸ್ಟೀಲೋ, ಸಿಲಿಕೋನೋ? ಎಷ್ಟು ಮಿಲಿಯದು?

ಬೋಗುಣಿ:
ಮೂರು ತೊಂದರೆಗೂ ಕಾರಣ ಬೇರೆ ಬೇರೆ.

ಪಾರ್ಸೆಲ್ ಡಬ್ಬದ ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 5 ಅಂತಿದ್ದರೆ ಅದು ಪಾಲಿಪ್ರೊಪಿಲೀನ್. ಬಿಸಿಗೆ ಒಳ್ಳೆಯದು, ಚಳಿಗೆ ಅಷ್ಟಕ್ಕಷ್ಟೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಪೆಡಸಾಗಲು ಶುರುವಾಗುತ್ತದೆ, ಫ್ರೀಜರ್‌ನ ಮೈನಸ್ 18ರಲ್ಲಿ ತೆಳು ಗೋಡೆ ಹಪ್ಪಳದ ಹಾಗೆ ಮುರಿಯುತ್ತದೆ. ಇಟ್ಟಲ್ಲೇ ಸೀಳುವುದು ಕಡಿಮೆ. ಹೊರಗೆ ತೆಗೆದು ಮೂಲೆ ತಿರುಚಿದಾಗ, ಮುಚ್ಚಳ ಎಳೆದಾಗ ಸೀಳುತ್ತದೆ. ಅದೇ ಪ್ಲಾಸ್ಟಿಕ್ಕಿನ ದಪ್ಪ ಗೋಡೆಯ ಡಬ್ಬ, ತಳದಲ್ಲಿ ಹಿಮದ ಹರಳಿನ ಗುರುತಿರುವುದು, ಬಾಳಿಕೆ ಬರುತ್ತದೆ. 2 ಅಥವಾ 4 ಅಂತಿದ್ದರೆ ಪಾಲಿಎಥಿಲೀನ್. ಅದು ಚಳಿಯಲ್ಲೂ ಬಾಗುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಐಸ್‌ಕ್ರೀಮ್ ಡಬ್ಬಗಳನ್ನು ಕಾಯಿತುರಿಗೆ, ಸುಲಿದ ಬಟಾಣಿಗೆ, ಅವರೆಕಾಳಿಗೆ ಇಟ್ಟುಕೊಳ್ಳಿ. ಬಿಸಿ ಸಾರು ಅದಕ್ಕೆ ಹಾಕಬೇಡಿ.

ಗಾಜು ಒಡೆದದ್ದು ಚಳಿಗಲ್ಲ. ನೀರು ಗಟ್ಟಿಯಾಗುವಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಭುಜ ಇರುವ ಬಾಟಲಿಯಲ್ಲಿ ಹಿಗ್ಗಿದ್ದು ಮೇಲೇಳಲು ದಾರಿಯಿಲ್ಲದೆ ಭುಜವನ್ನೇ ಒಳಗಿನಿಂದ ತಳ್ಳುತ್ತದೆ. ಬಿರುಕು ಕತ್ತಿನ ಹತ್ತಿರವೇ ಬಿದ್ದದ್ದು ಅದಕ್ಕೆ. ಗಾಜೇ ಬೇಕೆಂದರೆ ತಳದಿಂದ ಬಾಯಿಯವರೆಗೆ ನೇರ ಗೋಡೆ ಇರುವ, ಅಥವಾ ಬಾಯಿಯ ಕಡೆಗೆ ಅಗಲವಾಗುವ ಬೋರೋಸಿಲಿಕೇಟ್ ಡಬ್ಬ ತಗೊಳ್ಳಿ. ಬಿಸಿಗೆ ಅದು ಹಿಗ್ಗುವುದು ಮಾಮೂಲಿ ಗಾಜಿನ ಮೂರನೇ ಒಂದು ಭಾಗದಷ್ಟೇ, ಹಾಗಾಗಿ ಬಿಸಿ-ತಂಪಿನ ಏರುಪೇರು ಹೆಚ್ಚು ತಡೆಯುತ್ತದೆ. ಆದರೆ ಕಂಠಪೂರ್ತಿ ತುಂಬಿದರೆ ಬೋರೋಸಿಲಿಕೇಟೂ ಒಡೆಯುತ್ತದೆ. ಫ್ರೀಜರ್‌ನಿಂದ ತೆಗೆದದ್ದನ್ನು ನೇರವಾಗಿ ಬಿಸಿ ಓವನ್‌ಗೋ ಕುದಿಯುವ ನೀರಿಗೋ ಇಡುವುದೂ ಬೇಡ.

ಬಿಳಿ ಕಲೆ ಫಂಗಸ್ ಅಲ್ಲ. ಮೇಲ್ಮೈಯ ಐಸ್ ಕರಗದೆ ಹಾಗೇ ಆವಿಯಾಗಿ ಅನ್ನ ಒಣಗಿದೆ. ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಫ್ಯಾನ್ ಒಣ ಗಾಳಿ ಬೀಸುತ್ತದೆ, ಐಸ್ ಕಟ್ಟದಿರಲು ಆಗಾಗ ಕಾಯಿಲ್ ಬಿಸಿಯಾಗುತ್ತದೆ, ಅದಕ್ಕೇ ಅಲ್ಲಿ ಈ ತೊಂದರೆ ಜಾಸ್ತಿ. ಡಬ್ಬದೊಳಗೆ ಗಾಳಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಅರ್ಧ ಲೀಟರ್ ಡಬ್ಬದಲ್ಲಿ ಒಂದು ಕಪ್ ಅನ್ನ ಇಡಬೇಡಿ. ಇಡಲೇಬೇಕಾದರೆ ಬಟರ್ ಪೇಪರನ್ನು ಅನ್ನಕ್ಕೆ ಅಂಟುವ ಹಾಗೆ ಒತ್ತಿ, ಆಮೇಲೆ ಮುಚ್ಚಳ ಹಾಕಿ.

ಅಳತೆ: ಇಬ್ಬರ ಒಂದು ಹೊತ್ತಿನ ಹುಳಿ 400ರಿಂದ 425 ಮಿಲಿ. ಅದಕ್ಕೆ 500 ಮಿಲಿಯ, 5 ಸೆಂಟಿಮೀಟರ್‌ಗಿಂತ ಎತ್ತರವಿಲ್ಲದ ಚೌಕ ಡಬ್ಬ. ಅಗಲ ಬಾಯಿಗೆ ಮೇಲೆ ಸುಮಾರು ಒಂದು ಸೆಂಟಿಮೀಟರ್ ಜಾಗ ಸಾಕು. ಸಣ್ಣ ಬಾಯಿಯದಾದರೆ ಎರಡೂವರೆ ಬೇಕು. ಗಾಜೋ ಸ್ಟೀಲೋ ಅನ್ನುವುದಕ್ಕಿಂತ ಈ ಎತ್ತರ ಮುಖ್ಯ. ಡಬ್ಬದ ಎತ್ತರ ಎರಡು ಪಟ್ಟಾದರೆ ನಡುಭಾಗ ಗಟ್ಟಿಯಾಗಲು ಎರಡು ಪಟ್ಟಿಗೂ ಹೆಚ್ಚು ಹೊತ್ತು ಬೇಕು. ನಿಧಾನವಾಗಿ ಗಟ್ಟಿಯಾದರೆ ಐಸ್ ಹರಳು ದೊಡ್ಡದಾಗಿ ತರಕಾರಿ ಪಿಚಪಿಚ ಆಗುತ್ತದೆ. ಕರಗುವಾಗಲೂ ಅಷ್ಟೇ, ಅಂಚು ಕುದಿಯುತ್ತಿರುತ್ತದೆ, ನಡುವೆ ಕಲ್ಲು.

ಇಡ್ಲಿಪಾತ್ರೆ:
ಬೋಗುಣಿ ಅವರು ಹೇಳಿದ ಎತ್ತರದ ಮಾತು ಸರಿ. ಆದರೆ ಹುಳಿ, ಸಾರಿಗೆ ಗಾಜಿಗಿಂತ ಸ್ಟೀಲೇ ಮೇಲು. ಶಾಖ ಬೇಗ ಹಾಯುವುದರಿಂದ ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ. ಕೈಜಾರಿ ಬಿದ್ದರೆ ತಗ್ಗು ಬೀಳುತ್ತದೆ ಅಷ್ಟೆ. ಅರಿಸಿನ ಹಿಡಿಯುವುದಿಲ್ಲ, ಇಂಗಿನ ವಾಸನೆ ಉಳಿಯುವುದಿಲ್ಲ. ಮೈಕ್ರೋವೇವ್‌ಗೆ ಆಗುವುದಿಲ್ಲ ಅನ್ನುವುದೊಂದೇ ಕೊರತೆ, ಅದಕ್ಕೆ ಕುಕ್ಕರ್ ಇದೆ. ತಳದಲ್ಲಿ ಎರಡು ಲೋಟ ನೀರು, ಮೇಲೆ ಜಾಲರಿ ತಟ್ಟೆ, ಅದರ ಮೇಲೆ ಡಬ್ಬ. ಡಬ್ಬದ ಪ್ಲಾಸ್ಟಿಕ್ ಮುಚ್ಚಳ, ರಬ್ಬರ್ ರಿಂಗ್ ಎರಡೂ ತೆಗೆದು ಸ್ಟೀಲ್ ತಟ್ಟೆ ಮುಚ್ಚಿ. ವೆಯ್ಟ್ ಹಾಕದೆ ಹದಿನೈದಿಪ್ಪತ್ತು ನಿಮಿಷ ಹಬೆ ಕೊಡಿ, ಆಮೇಲೆ ಪಾತ್ರೆಗೆ ಸುರಿದು ಚೆನ್ನಾಗಿ ಒಂದು ಕುದಿ ಬರಿಸಿ.

ಕೊಳ್ಳುವಾಗ ಮುಚ್ಚಳ ನೋಡಿ. ಸುಮ್ಮನೆ ಒತ್ತುವ ಹಳೇ ನಮೂನೆಯ ಸ್ಟೀಲ್ ಮುಚ್ಚಳದಲ್ಲಿ ಗಾಳಿ ಆಡುತ್ತದೆ, ಎರಡು ವಾರಕ್ಕಿಂತ ಹೆಚ್ಚು ಇಡುವುದಕ್ಕೆ ಸಾಲದು. ಸಿಲಿಕೋನ್ ರಿಂಗ್ ಇದ್ದು, ರಿಂಗ್ ಬಿಚ್ಚಿ ತೊಳೆಯುವಂತಿರಬೇಕು. ಬಿಚ್ಚಲಾಗದ ರಿಂಗಿನ ಸಂದಿಯಲ್ಲಿ ಬೇಳೆ ಸೇರಿ ಕೊಳೆಯುತ್ತದೆ. ನಾಲ್ಕು ಕಡೆ ಕ್ಲಿಪ್ ಇರುವ ಮುಚ್ಚಳವನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ಬಿಚ್ಚಬೇಡಿ, ಕ್ಲಿಪ್ ಮುರಿಯುತ್ತದೆ. ಐದು ನಿಮಿಷ ಬಿಟ್ಟು, ಅಂಚಿಗೆ ನಲ್ಲಿ ನೀರು ಬಿಟ್ಟು ತೆಗೆಯಿರಿ.

ಅಲ್ಯೂಮಿನಿಯಂ ಫಾಯಿಲ್ ತಟ್ಟೆಗಳು ಹುಣಸೆಹುಳಿ, ಟೊಮೇಟೊ ಇರುವುದಕ್ಕೆ ಬೇಡವೇ ಬೇಡ. ಹುಳಿ ಲೋಹವನ್ನು ತಿಂದು ಸೂಜಿಮೊನೆಯಷ್ಟು ತೂತು ಮಾಡುತ್ತದೆ.

ಕೊತ್ತಂಬರಿಕಟ್ಟು:
60 ಲೀಟರ್ ಫ್ರೀಜರ್‌ಗೆ ಇಪ್ಪತ್ತು ಡಬ್ಬ ಕೊಂಡರೆ ಬಹಳ ಜಾಗ ಡಬ್ಬಗಳಿಗೇ ಹೋಗುತ್ತದೆ. ಅನ್ನಕ್ಕೆ, ರಾಜ್ಮಾಕ್ಕೆ ಜಿಪ್ ಕವರ್ ಸಾಕು. ‘ಫ್ರೀಜರ್’ ಎಂದು ಬರೆದಿರುವ ದಪ್ಪನೆಯದೇ ಆಗಬೇಕು, ತರಕಾರಿ ಹಾಕುವ ತೆಳು ಕವರ್ ಮಡಿಕೆಯಲ್ಲಿ ತೂತಾಗುತ್ತದೆ.

ಕವರನ್ನು ಅಗಲ ಬಾಯಿಯ ಚೊಂಬಿನೊಳಗೆ ಇಳಿಸಿ ಬಾಯಿಯನ್ನು ಹೊರಕ್ಕೆ ಮಡಚಿದರೆ ಜಿಪ್‌ಗೆ ಎಣ್ಣೆ ತಾಗುವುದಿಲ್ಲ. ಜಿಪ್‌ನಲ್ಲಿ ಜಿಡ್ಡು ಸೇರಿದರೆ ಅದು ಕೂರುವುದೇ ಇಲ್ಲ. ಪೂರ್ತಿ ತಣ್ಣಗಾದದ್ದನ್ನು ತುಂಬಿ, ಒಂದು ಮೂಲೆ ಬಿಟ್ಟು ಉಳಿದ ಜಿಪ್ ಒತ್ತಿ, ಬಕೆಟ್ ನೀರಿನಲ್ಲಿ ನಿಧಾನವಾಗಿ ಮುಳುಗಿಸಿ. ನೀರಿನ ಒತ್ತಡಕ್ಕೆ ಗಾಳಿ ತಾನೇ ಹೊರಬರುತ್ತದೆ. ನೀರು ಬಾಯಿ ಮುಟ್ಟುವ ಮುಂಚೆ ಆ ಮೂಲೆಯನ್ನೂ ಒತ್ತಿಬಿಡಿ. ಎರಡು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಸ್ಟೀಲ್ ತಟ್ಟೆಯ ಮೇಲೆ ಮಲಗಿಸಿ ಗಟ್ಟಿಯಾಗಿಸಿ. ಮರುದಿನ ತಟ್ಟೆ ತೆಗೆದು ಪುಸ್ತಕದ ಹಾಗೆ ನಿಲ್ಲಿಸಬಹುದು. ಜಾಲರಿ ಮೇಲೆ ನೇರ ಮಲಗಿಸಿದರೆ ಸಂದಿಗೆ ಇಳಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ಕವರ್‌ನಲ್ಲೇ ಬಿಸಿ ಮಾಡಬೇಡಿ, ನೀರಿನಲ್ಲಿ ಸಡಿಲಿಸಿ ಪಾತ್ರೆಗೆ ಹಾಕಿ.

ಸಿಲಿಕೋನ್ ಟ್ರೇ ಅಚ್ಚಿನ ಕೆಲಸಕ್ಕೆ ಮಾತ್ರ ಚೆನ್ನ. ಒಂದು ಕಪ್‌ನ ಅಚ್ಚಿನಲ್ಲಿ ಹುಳಿ ಹಾಕಿ ರಾತ್ರಿಯಿಡೀ ಬಿಟ್ಟು, ಗಟ್ಟಿಯನ್ನು ಕವರ್‌ಗೆ ವರ್ಗಾಯಿಸಿ. ಅದರಲ್ಲೇ ವಾರಗಟ್ಟಲೆ ಬಿಟ್ಟರೆ ಇಂಗು, ಬೆಳ್ಳುಳ್ಳಿ ವಾಸನೆ ಹೀರಿಕೊಳ್ಳುತ್ತದೆ. ಅರಿಸಿನದ ಕಲೆಗೆ ಚಿಂತೆ ಬೇಡ, ಬಿಸಿಲಲ್ಲಿ ಇಟ್ಟರೆ ಮಾಸುತ್ತದೆ.

ಹುರುಳಿಕಾಳು:
ಹಾಗಾದರೆ ಹುಳಿ, ಸಾರಿಗೆ 500 ಮಿಲಿಯ ಸ್ಟೀಲ್ ಎಂಟು, ಮೈಕ್ರೋವೇವ್‌ಗೆಂದು ಗಾಜಿನದು ಎರಡು, ಉಳಿದದ್ದು ಕವರ್. ಇನ್ನೆರಡು ಪ್ರಶ್ನೆ. ಎಲ್ಲವನ್ನೂ ಭಾನುವಾರ ರಾತ್ರಿಯೇ ಒಳಗಿಡಬಹುದೇ? ಕರೆಂಟ್ ಐದಾರು ಗಂಟೆ ಹೋದರೆ?

ಬೋಗುಣಿ:
ಎಲ್ಲ ಒಂದೇ ರಾತ್ರಿ ಬೇಡ. ಮನೆಯ ಫ್ರೀಜರ್ 24 ಗಂಟೆಯಲ್ಲಿ ಗಟ್ಟಿ ಮಾಡಬಲ್ಲದ್ದು ಪ್ರತಿ 28 ಲೀಟರ್ ಜಾಗಕ್ಕೆ ಹೆಚ್ಚೆಂದರೆ ಒಂದು, ಒಂದೂಕಾಲು ಕೆಜಿ. ನಿಮ್ಮದಕ್ಕೆ ದಿನಕ್ಕೆ ಎರಡರಿಂದ ಎರಡೂವರೆ ಕೆಜಿ, ಅಂದರೆ ಐದಾರು ಡಬ್ಬ. ಹೆಚ್ಚು ತುಂಬಿದರೆ ಹೊಸದು ನಿಧಾನವಾಗುತ್ತದೆ, ಅದಕ್ಕಿಂತ ಕೆಟ್ಟದ್ದೆಂದರೆ ಮೊದಲೇ ಇದ್ದದ್ದು ಸಡಿಲವಾಗುತ್ತದೆ. ಮಿಕ್ಕದ್ದನ್ನು ಫ್ರಿಜ್‌ನ ಕೆಳಭಾಗದಲ್ಲಿಟ್ಟು ಸೋಮವಾರ ಮೇಲೆ ಹಾಕಿ. ಮೊದಲ ದಿನ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸದೆ ನಡುವೆ ಬೆರಳು ಹೋಗುವಷ್ಟು ಸಂದಿ ಬಿಡಿ.

ಒಲೆಯಿಂದ ಇಳಿಸಿದ ಪಾತ್ರೆಯನ್ನು ಹಾಗೇ ಕಟ್ಟೆಯ ಮೇಲೆ ಬಿಡಬೇಡಿ. ದೊಡ್ಡ ಟಬ್‌ನಲ್ಲಿ ತಣ್ಣೀರು ಹಾಕಿ ಅದರೊಳಗೆ ಇಟ್ಟು ಕೈಯಾಡಿಸುತ್ತಿರಿ, ನೀರು ಬೆಚ್ಚಗಾದಾಗ ಬದಲಿಸಿ. ಅನ್ನವನ್ನು ಪರಾತದಲ್ಲಿ ಹರಡಿ. ಎರಡು ಗಂಟೆಯೊಳಗೆ ಒಳಗೆ ಸೇರಬೇಕು. ಅನ್ನದ ವಿಷಯದಲ್ಲಿ ಇದು ಬಹಳ ಮುಖ್ಯ: ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ, ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತದೆ. ಆ ವಿಷ ಆಮೇಲೆ ಎಷ್ಟು ಬಿಸಿ ಮಾಡಿದರೂ ಹೋಗದೆ ಇರಬಹುದು.

ಐದಾರು ಗಂಟೆ ಕರೆಂಟ್ ಹೋದರೆ, ತುಂಬಿದ ಫ್ರೀಜರಿನ ಬಾಗಿಲು ತೆಗೆಯದಿದ್ದರೆ ಸಾಕು. ಖಾಲಿ ಜಾಗವಿದ್ದರೆ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ನೀರು ತುಂಬಿ ಇಡಿ. ಊರಿಗೆ ಹೋಗುವಾಗ ಒಂದು ಲೋಟ ನೀರನ್ನು ಗಟ್ಟಿಯಾಗಿಸಿ ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಐಸ್‌ನೊಳಗೆ ಮುಳುಗಿದ್ದರೆ ಒಳಗಿನದೆಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಉಣ್ಣಬೇಡಿ.

ಇಡ್ಲಿಪಾತ್ರೆ:
ಒಂದು ಮಾತು ಬಿಟ್ಟುಹೋಯಿತು. ಆಲೂಗಡ್ಡೆ ಹಾಕಿದ ಹುಳಿ ಯಾವ ಡಬ್ಬದಲ್ಲಿಟ್ಟರೂ ಮರಳುಮರಳಾಗುತ್ತದೆ, ಸೌತೆಕಾಯಿ ನೀರಾಗುತ್ತದೆ, ಮಜ್ಜಿಗೆಹುಳಿ ಒಡೆಯುತ್ತದೆ. ಬೇಳೆ, ಮಸಾಲೆ ಮಾತ್ರ ಇಟ್ಟು, ಆ ತರಕಾರಿ ಬಡಿಸುವ ದಿನ ಬೇಯಿಸಿ ಸೇರಿಸಿ. ಒಗ್ಗರಣೆಯೂ ಆವತ್ತೇ. ಬಿಸಿಬೇಳೆಬಾತ್ ಕರಗಿದ ಮೇಲೆ ಗಟ್ಟಿಯಾಗುತ್ತದೆ, ಡಬ್ಬಕ್ಕೆ ಅರ್ಧ ಲೋಟ ಕುದಿನೀರು ಬೇಕಾಗುತ್ತದೆ.

ಹೆಸರು, ತಾರೀಖು ಬರೆದ ಮಾಸ್ಕಿಂಗ್ ಟೇಪನ್ನು ಡಬ್ಬ ಒಣಗಿದ್ದಾಗ, ತುಂಬುವ ಮೊದಲೇ ಅಂಟಿಸಿ. ತಣ್ಣಗಾಗಿ ಬೆವರಿದ ಡಬ್ಬಕ್ಕೆ ಅದು ಹಿಡಿಯುವುದಿಲ್ಲ. ಮುಚ್ಚಳಕ್ಕಲ್ಲ, ಪಕ್ಕಕ್ಕೆ ಅಂಟಿಸಿ. ಮುಚ್ಚಳಗಳು ಅದಲುಬದಲಾಗುತ್ತವೆ.