ಹೈಡನ್ ಕಾಲದ ಸಂಗೀತದ ಸಂಶೋಧನೆ: ಜೀವನೋಪಾಯವಾದೀತೇ?

ಪೆರ್ಲದ ತಂದೆ:
ಕಾಸರಗೋಡಿನಲ್ಲಿ ಪದವಿ ಓದುತ್ತಿರುವ ನನ್ನ ಮಗಳು ಚಿಕ್ಕಂದಿನಿಂದಲೂ ಕರ್ನಾಟಕ ಸಂಗೀತದ ಪಿಟೀಲು ಕಲಿತವಳು. ಈಗ ಹದಿನೆಂಟನೆಯ ಶತಮಾನದ ವಿಯೆನ್ನಾದ ಸಂಗೀತ, ಅದರಲ್ಲೂ ಹೈಡನ್ ಎಂಬ ಸಂಗೀತ ರಚನಕಾರನ ಕೃತಿಗಳ ಸಂಶೋಧನೆಯನ್ನೇ ವೃತ್ತಿಯಾಗಿಸಿಕೊಳ್ಳುವ ಹಂಬಲ ಅವಳಿಗೆ ಹತ್ತಿದೆ. ನುಡಿಸುವವರ ಕೆಲಸವೇನೆಂದು ನಾನು ಬಲ್ಲೆ. ಆದರೆ ಈ ಸಂಗೀತಶಾಸ್ತ್ರಜ್ಞರು ದಿನವಿಡೀ ಮಾಡುವುದೇನು, ಅದರಿಂದ ಹೊಟ್ಟೆಪಾಡು ಸಾಗುತ್ತದೆಯೇ ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಮಧುವಾಹಿನಿ:
ಮಾನ್ಯರೇ, ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ಯಕ್ಷಗಾನ ಪ್ರಸಂಗಗಳು ಯಾರವು ಎಂದು ನಮ್ಮ ವಿದ್ವಾಂಸರು ವಾದ ಮಾಡಿದ್ದನ್ನು ನೀವು ಕೇಳಿರಬಹುದು. ಇದೂ ಅದೇ ಜಾತಿಯ ಕೆಲಸ. ಹೈಡನ್ನನ ಮೂರನೆಯ ಓಪಸ್ (ಪ್ರಕಟಿತ ಕೃತಿಗಳ ಕ್ರಮಸಂಖ್ಯೆ) ಎಂದು ಹೆಸರಾಗಿದ್ದ ಆರು ಸ್ಟ್ರಿಂಗ್ ಕ್ವಾರ್ಟೆಟ್‌ಗಳ, ಅಂದರೆ ನಾಲ್ಕು ತಂತಿವಾದ್ಯಗಳಿಗೆ ಬರೆದ ಕೃತಿಗಳ, ಹಳೆಯ ಪ್ಯಾರಿಸ್ ಮುದ್ರಣವನ್ನು ಸಂಗೀತಶಾಸ್ತ್ರಜ್ಞರಾದ ಅಲನ್ ಟೈಸನ್ ಮತ್ತು ರಾಬಿನ್ಸ್ ಲ್ಯಾಂಡನ್ ಕೂಲಂಕಷವಾಗಿ ನೋಡಿದಾಗ, ಮೊದಲ ಎರಡು ಕೃತಿಗಳ ಅಚ್ಚಿನ ತಗಡಿನಲ್ಲಿ ಹಾಫ್‌ಸ್ಟೆಟರ್ ಎಂಬ ಹೆಸರನ್ನು ಅಳಿಸಿದ ಗುರುತು ಮಸುಕಾಗಿ ಉಳಿದಿರುವುದು ಕಂಡಿತು. ಆತ ಜರ್ಮನಿಯ ಒಬ್ಬ ಕ್ರೈಸ್ತ ಸನ್ಯಾಸಿ. ಟೈಸನ್ ಮತ್ತು ಲ್ಯಾಂಡನ್ ಇದನ್ನು 1964ರಲ್ಲಿ ಪ್ರಕಟಿಸಿದರು. ಈಗ ಆ ಕೃತಿಗಳು ಹೈಡನ್ನನವಲ್ಲವೆಂಬ ಅಭಿಪ್ರಾಯವೇ ಬಲವಾಗಿದೆ.

ಚಂದ್ರಗಿರಿ ತೀರ:
ದುಡ್ಡಿನ ಮಾತಿಗೆ ಬಂದರೆ, ಈ ಇಬ್ಬರೂ ಬೇರೆ ಬೇರೆ ದಾರಿ ಹಿಡಿದವರು. ಟೈಸನ್ ಮನೋವಿಶ್ಲೇಷಕರಾಗಿ ತರಬೇತಿ ಪಡೆದವರು, ಫ್ರಾಯ್ಡನ ಅನುವಾದಕ್ಕೂ ಕೈಹಚ್ಚಿದ್ದವರು. ಅವರು ಹೈಡನ್ನನ ಕಾಲದವನೇ ಆದ ರಚನಕಾರ ಮೊಜಾರ್ಟನ ಹಸ್ತಪ್ರತಿಯ ಹಾಳೆಗಳನ್ನು ಬೆಳಕಿಗೆ ಹಿಡಿದು, ನಾವು ನೂರರ ನೋಟಿನಲ್ಲಿ ಗಾಂಧೀಜಿಯ ಚಿತ್ರ ನೋಡುವಂತೆ, ಕಾಗದದೊಳಗಿನ ನೀರಚ್ಚನ್ನು ಗುರುತಿಸಿ, ಯಾವ ಕಾಗದ ಯಾವ ವರ್ಷದ್ದೆಂದು ಲೆಕ್ಕ ಹಾಕಿದರು. ಮೊದಲ ಹಾರ್ನ್ ಕಂಚೆರ್ಟೊ (ಹಾರ್ನ್ ಎಂಬ ಊದುವಾದ್ಯ ಮುಖ್ಯವಾಗಿರುವ, ವಾದ್ಯವೃಂದದೊಡನೆ ನುಡಿಸುವ ಕೃತಿ) ಎಂದು ಎಣಿಸಿದ್ದ ಕೃತಿ ಮೊಜಾರ್ಟನ ಕೊನೆಯ ವರ್ಷವಾದ 1791ಕ್ಕೆ ಸರಿದದ್ದು ಹೀಗೆ. ಲ್ಯಾಂಡನ್ನರ ದಾರಿಯೇ ಬೇರೆ: 1949ರಲ್ಲಿ ಹೈಡನ್ ಸೊಸೈಟಿ ಕಟ್ಟಿ ಗ್ರಾಮಾಫೋನ್ ತಟ್ಟೆಗಳನ್ನು ಹೊರತಂದರು, ಹೈಡನ್ನನ ಬಗ್ಗೆ ಐದು ಸಂಪುಟಗಳನ್ನು ಬರೆದರು. ಇಷ್ಟು ಪಳಗಿದವರೂ 1993ರಲ್ಲಿ ಹೈಡನ್ನನ ಆರು ಸೊನಾಟಾಗಳು (ಕೀಲಿಮಣೆ ವಾದ್ಯದ ಕೃತಿಗಳು) ಸಿಕ್ಕಿವೆಯೆಂದು ನಂಬಿ ಮೋಸಹೋದರು, ಅವು ಖೋಟಾ. ಮೂಲವಲ್ಲ, ಬರಿಯ ನೆರಳಚ್ಚು ಕೈಗೆ ಬಂದಾಗಲೇ ಅನುಮಾನ ಪಡಬೇಕಿತ್ತೆಂದು ನನ್ನ ಅನಿಸಿಕೆ. ಅದಿರಲಿ, ಜರ್ಮನ್ ಭಾಷೆ ಬಾರದೆ ಈ ಕ್ಷೇತ್ರದಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಅದಕ್ಕೂ ಮೊದಲು ಮನೆಯಲ್ಲಿ ಹಳೆಯ ಹಸ್ತಪ್ರತಿ ಇದ್ದರೆ ಅದನ್ನು ಅಚ್ಚಾದ ಪ್ರತಿಯೊಡನೆ ಸಾಲುಸಾಲಾಗಿ ಹೋಲಿಸಿ ನೋಡಲಿ. ಬೇಸರ ಬಾರದಿದ್ದರೆ ಕಳುಹಿಸಿಕೊಡಿ.

ಪೆರ್ಲದ ತಂದೆ:
ಇಬ್ಬರಿಗೂ ಕೃತಜ್ಞತೆಗಳು. ನನ್ನ ಅಜ್ಜ ಬರೆದಿಟ್ಟ ಪ್ರಸಂಗದ ಪುಸ್ತಕವನ್ನು ನಿನ್ನೆ ಅಟ್ಟದಿಂದ ಇಳಿಸಿಕೊಟ್ಟೆ. ನಾಲ್ಕನೆಯ ಪುಟದಲ್ಲೇ ಒಂದು ಪದದ ತಾಳ ಅಚ್ಚಿನ ಪ್ರತಿಯಲ್ಲಿ ಬೇರೆಯಿದೆಯೆಂದು ರಾತ್ರಿ ಹನ್ನೊಂದಕ್ಕೆ ನನ್ನನ್ನು ಎಬ್ಬಿಸಿದಳು.